ಡೊಳ್ಳಪ್ಪನ ಪಥ್ಯ

ತಂಗಾಳಿ ಅಪಾರ್ಟ್‌ಮೆಂಟಿನ ಹೊಟ್ಟೆ ಕೆಟ್ಟಿದೆ ಎಂಬುದು ಮೊದಲು ಗೊತ್ತಾದದ್ದು ಅಡುಗೆಮನೆಗಳಿಗೆ. ಬೆಳಿಗ್ಗೆ ಒಲೆ ಹಚ್ಚಿದರೆ ಎಂದಿನ ನೀಲಿ ಬೆಂಕಿಯ ಬದಲು ಫುಸ್ಸೆಂದು ಚೂರು ಉರಿ ಬಂತು. ಹಾಲು ಕಾಯುವಷ್ಟರಲ್ಲಿ ಶಾಲೆಯ ಬಸ್ಸು ಗೇಟಿನ ಮುಂದೆ ಹಾರ್ನ್ ಹೊಡೆದು ಹೋಗಿಯೇ ಬಿಟ್ಟಿತು.

ಕಟ್ಟಡಕ್ಕೂ ಹೊಟ್ಟೆಯೇ ಎಂದು ನಗುವವರು ಮೈಸೂರಿನ ವರ್ತುಲ ರಸ್ತೆಯ ಪಕ್ಕದ ಆ ಕಟ್ಟಡದ ನೆಲಮಾಳಿಗೆಗೆ ಇಳಿದು ನೋಡಬೇಕು. ಹಿಂದೆ ಕಾರುಗಳು ನಿಲ್ಲುತ್ತಿದ್ದ ಜಾಗದಲ್ಲಿ ಗುಂಡಗೆ, ದಪ್ಪಗೆ ಒಂದು ತೊಟ್ಟಿ ಕೂತಿದೆ. ಪ್ರತಿ ಮನೆಯ ಅಡುಗೆಕಟ್ಟೆಯ ಪಕ್ಕದಲ್ಲೂ ಅದಕ್ಕೊಂದು ಬಾಯಿ. ಸಿಪ್ಪೆ, ನಾರು, ತಟ್ಟೆಯಲ್ಲಿ ಉಳಿದದ್ದು, ಮಕ್ಕಳು ಬೇಡವೆಂದು ಮುಖ ತಿರುಗಿಸಿದ ಹಾಗಲಕಾಯಿ ಪಲ್ಯ, ಎಲ್ಲವೂ ಆ ಬಾಯಿಗೆ. ಬಾಯಿಯ ಕೆಳಗಿನ ಪುಟ್ಟ ಗಿರಣಿ ಅದನ್ನು ಅರೆದು ಕೆಳಕ್ಕೆ ಕಳಿಸುತ್ತದೆ. ತೊಟ್ಟಿಯಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ತಿಂದು ಅನಿಲ ಬಿಡುತ್ತವೆ, ಅದೇ ಅನಿಲ ಮೇಲೇರಿ ಒಲೆಗೆ ಬರುತ್ತದೆ. ಅವು ತಿನ್ನುವಾಗ ಹುಟ್ಟುವ ಕಾವಿನಿಂದ ಸ್ನಾನದ ನೀರು ಬೆಚ್ಚಗಾಗುತ್ತದೆ. ಕೆಳಗಿಳಿದ ಗಟ್ಟಿ ಗಸಿ ಬಾಲ್ಕನಿಯ ಬಸಳೆಗೆ, ತಾರಸಿಯ ಹೀರೆ ಚಪ್ಪರಕ್ಕೆ. ತಿಳಿನೀರು ಮಾತ್ರ ಒಂದು ಹನಿಯೂ ಪೋಲಾಗದೆ ಮತ್ತೆ ತೊಟ್ಟಿಗೇ ವಾಪಸು.

ನಗರದ ಕಸದ ಗುಡ್ಡದಲ್ಲಿ ಇನ್ನು ಜಾಗವಿಲ್ಲ, ಅಡುಗೆಮನೆಯ ಕಸ ಗೇಟು ದಾಟಕೂಡದು ಎಂಬ ಕಾಲ ಬಂದಾಗ ಇದನ್ನು ಕಟ್ಟಿದವಳು ಮೂರನೆಯ ಮಹಡಿಯ ಮಂದಾಕಿನಿ. ಸೂಕ್ಷ್ಮಜೀವಿ ವಿಜ್ಞಾನಿ. ಹರೆಯವನ್ನೆಲ್ಲ ಇದಕ್ಕೇ ಸುರಿದವಳು. ಕಾಗದಪತ್ರದಲ್ಲಿ ಇದರ ಹೆಸರು ‘ಸಾಮುದಾಯಿಕ ಜಠರ’. ಅಂಥ ಹೆಸರಿನಿಂದ ಯಾರು ತಾನೆ ಕರೆದಾರು? ತೊಟ್ಟಿಯ ಆಕಾರ ನೋಡಿ ಮಕ್ಕಳು ‘ಡೊಳ್ಳಪ್ಪ’ ಅಂದವು, ದೊಡ್ಡವರೂ ಅದನ್ನೇ ಅಂದರು. ಡೊಳ್ಳಪ್ಪನಿಗೆ ಊಟ ಹಾಕಿದ್ಯಾ, ಡೊಳ್ಳಪ್ಪನಿಗೆ ಹಸಿವಾಗಿದೆ ನೋಡು, ಹೀಗೆ ಅವನು ಮನೆಮನೆಯ ಮಾತಾಗಿಬಿಟ್ಟ.

ಅವನ ಆರೋಗ್ಯ ತಿಳಿಸಲು ಪ್ರತಿ ಬಾಯಿಯ ಮೇಲೊಂದು ದೀಪ. ಅದನ್ನು ಉರಿಸುವುದು ಯಾವ ತಂತಿಯ ವಿದ್ಯುತ್ತೂ ಅಲ್ಲ, ಆ ಸೂಕ್ಷ್ಮಜೀವಿಗಳು ಉಣ್ಣುವಾಗ ಹೊರಬಿಡುವ ಚೂರು ವಿದ್ಯುತ್ತು. ಅವು ಚೆನ್ನಾಗಿದ್ದರೆ ಹಸಿರು, ಸೊರಗಿದರೆ ಹಳದಿ, ಕಷ್ಟದಲ್ಲಿದ್ದರೆ ಕೆಂಪು. ಡೊಳ್ಳಪ್ಪನ ನಾಡಿ ಎಂದೇ ಅದನ್ನು ಕರೆಯುತ್ತಿದ್ದರು. ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ನಮ್ಮ ಮನೆಯ ಎಂಜಲನ್ನು ಯಾರಾದರೂ ಇಣುಕಿ ನೋಡಿದರೆ ಎಂದು ಶುರುವಿನಲ್ಲಿ ಎಲ್ಲರಿಗೂ ಅಳುಕಿತ್ತು. ಯಾವ ಮನೆಯಿಂದ ಏನು ಬಂತು ಎಂದು ನೋಡುವ ಉಪಕರಣವನ್ನು ಎಂದಿಗೂ ಇಡುವುದಿಲ್ಲ ಎಂದು ಮಂದಾಕಿನಿ ಅವತ್ತು ಮಾತು ಕೊಟ್ಟಿದ್ದಳು.

ಈಗ ದೀಪ ಹಳದಿಗೆ ತಿರುಗಿತ್ತು. ಅದೂ ಎಂಥ ಸಮಯದಲ್ಲಿ! ನಗರದ ಬೇರೆ ಕಟ್ಟಡಗಳಿಗೂ ಇಂಥ ಹೊಟ್ಟೆ ಕೊಡಬೇಕೇ ಬೇಡವೇ ಎಂದು ನಿರ್ಧರಿಸಲು ಆಡಳಿತದ ಸಮಿತಿ ಮುಂದಿನ ತಿಂಗಳು ಬರುವುದಿತ್ತು. ಡೊಳ್ಳಪ್ಪ ಬದುಕಿದ್ದರೆ ಯೋಜನೆ ಬದುಕೀತು. ಸತ್ತರೆ ತೊಟ್ಟಿ ಒಡೆದು ಮತ್ತೆ ಕಾರು ನಿಲ್ಲಿಸುತ್ತಾರೆ. ಮಂದಾಕಿನಿ ನೆಲಮಾಳಿಗೆಗೆ ಓಡಿದಳು.

ನೆಲಮಾಳಿಗೆಯ ಒಂದು ಮೂಲೆಯಲ್ಲಿ ಗಾಜಿನ ಗೋಡೆಯ ಕೋಣೆ ಅವಳ ನಿಯಂತ್ರಣ ಕೊಠಡಿ. ಅಲ್ಲಿ ಕೂತು ತೆರೆಯ ಮೇಲಿನ ಗೆರೆಗಳನ್ನು ನೋಡಿದಳು. ಅನಿಲದ ಗೆರೆ ಇಳಿಯುತ್ತಿತ್ತು, ಉಪ್ಪಿನ ಗೆರೆ ಏರುತ್ತಿತ್ತು. ಉಪ್ಪಿನಕಾಯಿ ವರ್ಷಗಟ್ಟಲೆ ಕೆಡದೆ ಉಳಿಯುವುದು ಯಾಕೆ? ಉಪ್ಪು ಸೂಕ್ಷ್ಮಜೀವಿಯ ಮೈಯೊಳಗಿನ ನೀರನ್ನು ಹೊರಕ್ಕೆಳೆದು ಅದನ್ನು ಒಣಗಿಸಿಬಿಡುತ್ತದೆ. ಡೊಳ್ಳಪ್ಪನ ಹೊಟ್ಟೆಯಲ್ಲೂ ಅದೇ ಆಗುತ್ತಿತ್ತು. ಯಾರೋ ಅವನನ್ನು ನಿಧಾನವಾಗಿ ಉಪ್ಪಿನಕಾಯಿ ಹಾಕುತ್ತಿದ್ದರು. ನೀರೆಲ್ಲ ಸುತ್ತಿ ಸುತ್ತಿ ತೊಟ್ಟಿಗೇ ಬರುವುದರಿಂದ, ಒಳಗೆ ಹೋದ ಉಪ್ಪಿಗೆ, ಗಸಿಯ ಜೊತೆ ಹೋಗುವ ಚೂರನ್ನು ಬಿಟ್ಟರೆ, ಹೊರಗೆ ಹೋಗುವ ದಾರಿಯೇ ಇರಲಿಲ್ಲ. ಹನಿ ನೀರೂ ಪೋಲಾಗಬಾರದೆಂದು ಹಟ ಹಿಡಿದು ಹಾಗೆ ಕಟ್ಟಿದವಳು ತಾನೇ ಎಂಬುದು ನೆನಪಾಗಿ ಮಂದಾಕಿನಿ ಹಣೆ ಚಚ್ಚಿಕೊಂಡಳು.

ಮೊದಲು ಕೊಳವೆಬಾವಿಯ ನೀರನ್ನು ಮೆದು ಮಾಡುವ ಯಂತ್ರದ ಮೇಲೆ ಅನುಮಾನ ಬಂತು, ಅದಕ್ಕೂ ಉಪ್ಪು ಹಾಕುತ್ತಾರಲ್ಲ. ಅದನ್ನು ನಿಲ್ಲಿಸಿದಳು. ಗೆರೆ ಏರುವುದು ನಿಲ್ಲಲಿಲ್ಲ. ಕೊಳವೆಗಳನ್ನು ಬಿಚ್ಚಿಸಿ ನೋಡಿದಳು, ಎಲ್ಲ ಸರಿಯಾಗಿತ್ತು. ವಾರದೊಳಗೆ ದೀಪ ಕೆಂಪಾಯಿತು. ಬಾಲ್ಕನಿಯ ಬಸಳೆ ಎಲೆಗಳ ಅಂಚು ಸುಟ್ಟಂತೆ ಕಂದಿತು.

ಮನೆಯಲ್ಲಿ ಅವಳಿಗಿಂತ ಹೆಚ್ಚು ಕಂಗಾಲಾದವರು ಅವಳ ಅತ್ತೆ ಚೆಲುವಮ್ಮ. ಮಂಡ್ಯದ ಕಡೆಯವರು. ಮಂದಾಕಿನಿಯ ಗಂಡ ರಾಜಶೇಖರ ರೈಲ್ವೆಯಲ್ಲಿ ಗಾರ್ಡ್, ಮನೆಯಲ್ಲಿರುವುದಕ್ಕಿಂತ ರೈಲಿನಲ್ಲಿರುವುದೇ ಹೆಚ್ಚು. ಹಾಗಾಗಿ ಮನೆಯಲ್ಲಿ ಅತ್ತೆ ಸೊಸೆ ಇಬ್ಬರದೇ ರಾಜ್ಯ. ಡೊಳ್ಳಪ್ಪನನ್ನು ಶುರು ಮಾಡುವಾಗ ಮೊದಲ ಬೀಜವಾಗಿ ತೊಟ್ಟಿಗೆ ಹಾಕಿದ್ದು ಚೆಲುವಮ್ಮನ ಹಸುವಿನ ಸಗಣಿ. ಹಸುಗಳ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳೇ ಇವು. ಫ್ಲ್ಯಾಟಿಗೆ ಬರುವ ಮೊದಲು ಚೆಲುವಮ್ಮ ಹಸುವನ್ನು ತಂಗಿಯ ಮನೆಗೆ ಕೊಟ್ಟುಬಿಟ್ಟಿದ್ದರು. ಅಂದಿನಿಂದ ಡೊಳ್ಳಪ್ಪನೇ ಅವರ ಕೊಟ್ಟಿಗೆ.

“ಕಣ್ಣು ಬಿದ್ದದೆ ಕಣವ್ವ,” ಅಂದರು ಚೆಲುವಮ್ಮ, ಬಾಯಿಯ ಮೇಲಿನ ಕೆಂಪು ದೀಪ ನೋಡುತ್ತ. “ಟೀವೀಲಿ ತೋರ್ಸುದ್ರಲ್ಲ, ಆವತ್ತಿಂದ. ಬಸ್ ಮಾಡ್ಕೊಂಡು ಬಂದ್ ನೋಡುದ್ರು. ಆ ಪಕ್ಕದ ಮುಂಜಾವು ಬಿಲ್ಡಿಂಗಿನೋರಂತೂ, ಅಯ್ಯೋ ಎಷ್ಟ್ ಚೆನ್ನಾಗದೆ, ನಮ್ಗೂ ಇದ್ದಿದ್ರೆ ಅಂತ ಲೊಚಗುಟ್ಟಿದ್ದೇ ಲೊಚಗುಟ್ಟಿದ್ದು. ಅದ್ಯಾವಳೋ ಪ್ರಮೀಳಾ ಅಂತೆ, ತೊಟ್ಟೀನ ಸವರಿ ಸವರಿ ನೋಡುದ್ಳು.”

“ಅತ್ತೆ, ಕಣ್ಣಿಂದ ಉಪ್ಪು ಹೆಚ್ಚಾಗಲ್ಲ,” ಅಂದಳು ಮಂದಾಕಿನಿ ಸುಸ್ತಾಗಿ.

“ನಿಂಗೇನ್ ಗೊತ್ತು ಬುಡು,” ಅಂದು ಅತ್ತೆ ಅವಳ ತಟ್ಟೆಗೆ ಇನ್ನೊಂದು ಮುದ್ದೆ ಇಕ್ಕಿದರು.

ಕಟ್ಟಡದ ಒಳಗೂ ಏನೋ ಹುಳಿಯಾಗತೊಡಗಿತ್ತು. ಐದನೆಯ ಮಹಡಿಯ ಶ್ರೀಕಂಠಯ್ಯನವರು ನಿವೃತ್ತ ಲೆಕ್ಕಪರಿಶೋಧಕರು, ಎಲ್ಲದಕ್ಕೂ ಕಾರಣ ಹುಡುಕದೆ ಬಿಡುವ ಜಾಯಮಾನದವರಲ್ಲ. ಅವರು ನಿಯಂತ್ರಣ ಕೊಠಡಿಗೇ ಬಂದು ತೆರೆಯ ಮುಂದೆ ಕನ್ನಡಕ ಸರಿಮಾಡಿಕೊಂಡು ನಿಂತರು.

“ಮೇಡಂ, ಈ ಗೆರೆ ಭಾನುವಾರ ಭಾನುವಾರ ಜಿಗೀತಾ ಇದೆ. ಹೌದೋ ಅಲ್ವೋ?”

“ಹೌದು.”

“ನಾನು ಯಾರ ಹೆಸರನ್ನೂ ಎತ್ತಲ್ಲ. ಆದ್ರೆ ಭಾನುವಾರ ಯಾವ್ಯಾವ ಮನೇಲಿ ಏನೇನು ಬೇಯುತ್ತೆ ಅಂತ ಮೂಗಿರೋ ಎಲ್ರಿಗೂ ಗೊತ್ತು. ಮಾಂಸ ತಿನ್ನೋರ ಬಾಯಿಗಳನ್ನ ಮುಚ್ಚಿಸಿ. ಅವರು ಬೇಕಾದ್ರೆ ಬೇರೆ ತೊಟ್ಟಿ ಕಟ್ಕೊಳ್ಳಲಿ.”

“ಸರ್, ಮಂಗಳವಾರವೂ ಜಿಗಿದಿದೆ ನೋಡಿ. ಶುಕ್ರವಾರವೂ.”

“ಹಿಂದಿನ ಊಟದ್ದು ಅರಗಿರಲ್ಲ, ಅದೇ!” ಎಂದು ಶ್ರೀಕಂಠಯ್ಯ ಹೊರಟುಹೋದರು.

ಮಾತು ಲಿಫ್ಟಿನಲ್ಲಿ ಏರಿ ಇಳಿಯಿತು. ಎರಡು ದಿನದಲ್ಲಿ ಅರ್ಧ ಕಟ್ಟಡ ಇನ್ನರ್ಧದ ಕಡೆ ಓರೆಗಣ್ಣಿನಿಂದ ನೋಡತೊಡಗಿತು. ಸಂಘದ ಕಾರ್ಯದರ್ಶಿ ಜಬೀನಾ ಬೇಗಂ ಶಾಲೆಯ ಮುಖ್ಯೋಪಾಧ್ಯಾಯಿನಿ, ಗದ್ದಲಕ್ಕೆಲ್ಲ ಹೆದರುವವರಲ್ಲ. ಅವರೂ ಮಂದಾಕಿನಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಬುಧವಾರ ಸಭೆ ಕರ್ದಿದೀನಿ ಮೇಡಂ. ಅಷ್ಟರೊಳಗೆ ನಿಜ ಏನು ಅಂತ ಹೇಳಿ. ಇಲ್ದಿದ್ರೆ ಬಾಯಿ ಮುಚ್ಚೋದು ಅಂತ ವೋಟಿಗೆ ಹಾಕ್ತಾರೆ. ಆಮೇಲೆ ಈ ಮನೆಗಳು ಮೊದಲಿನ ಥರ ಇರಲ್ಲ,” ಅಂದರು.

ಬಾಯಿಗಳಿಗೆ ಒಂದೊಂದು ಪುಟ್ಟ ಕ್ಯಾಮೆರಾ ಸಿಕ್ಕಿಸಿದರೆ ಒಂದೇ ದಿನದಲ್ಲಿ ಗೊತ್ತಾಗುತ್ತಿತ್ತು. ಮಂದಾಕಿನಿ ಅದನ್ನು ಯೋಚಿಸಲಿಲ್ಲವೆಂದಲ್ಲ. ಕ್ಯಾಮೆರಾಗಳು ಕಪಾಟಿನಲ್ಲೇ ಇದ್ದವು. ಆದರೆ ಕೊಟ್ಟ ಮಾತು ಅಡ್ಡ ಬಂತು, ಕಪಾಟು ತೆಗೆಯದೆ ಕೂತಳು.

ಸಭೆಯ ಹಿಂದಿನ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಮರೆತ ಕನ್ನಡಕ ತರಲು ಮಂದಾಕಿನಿ ಮನೆಗೆ ಬಂದಳು. ಆ ಹೊತ್ತಿನಲ್ಲಿ ಅವಳು ಎಂದೂ ಮೇಲೆ ಬರುತ್ತಿರಲಿಲ್ಲ. ಅಡುಗೆಮನೆಯಲ್ಲಿ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಡೊಳ್ಳಪ್ಪನ ಬಾಯಿಯ ಮುಂದೆ ಮುಷ್ಟಿ ಬಿಗಿಹಿಡಿದು ಸುತ್ತುತ್ತಿದ್ದರು.

“ಹೋದೋರ ಕಣ್ಣು, ಬಂದೋರ ಕಣ್ಣು, ಬಸ್ಸಲ್ಲಿ ಬಂದೋರ ಕಣ್ಣು, ಪೋಟೋ ಹಿಡ್ದೋರ ಕಣ್ಣು, ಪಕ್ಕದ ಬಿಲ್ಡಿಂಗಿನೋರ ಕಣ್ಣು...” ಥೂ ಥೂ ಎಂದು ಉಗಿದು, ಮುಷ್ಟಿ ಬಿಚ್ಚಿ, ಹಿಡಿ ತುಂಬ ಕಲ್ಲುಪ್ಪು, ಒಣಮೆಣಸಿನಕಾಯಿ ಎಲ್ಲವನ್ನೂ ಬಾಯಿಗೆ ಸುರಿದರು. ಗಿರಣಿ ಕರಕರ ಅಂದಿತು.

“ಅತ್ತೆ!”

“ಕಿರುಚ್ಬ್ಯಾಡ. ದೃಷ್ಟಿ ತೆಗೆಯಾಗ ಮಾತಾಡುಸ್ಬಾರ್ದು.”

“ಅದನ್ನ ಒಳಗ್ಯಾಕೆ ಹಾಕಿದ್ರಿ?”

ಚೆಲುವಮ್ಮ ಅವಳನ್ನು ಏನೂ ಅರಿಯದ ಮಗುವನ್ನು ನೋಡುವ ಹಾಗೆ ನೋಡಿದರು. “ಇನ್ನೆಲ್ಗಾಕ್ಲಿ? ದೃಷ್ಟಿ ತೆಗ್ದಿದ್ದು ಬೆಂಕಿಗೇ ಬೀಳ್ಬೇಕು. ಊರಲ್ಲಾದ್ರೆ ಸೌದೆ ಒಲೆ ಇತ್ತು, ಚಟಪಟ ಅಂತಿತ್ತು. ಈ ಮನೇಲಿ ಬೆಂಕಿ ಹುಟ್ಟೋದು ಎಲ್ಲಿ ಹೇಳು? ಅವನ ಹೊಟ್ಟೇಲಿ ತಾನೆ? ಅವನ ದೃಷ್ಟಿ ಅವನ ಬೆಂಕೀಲೇ ಸುಟ್ಟೋಗ್ಲಿ ಅಂತ ಹಾಕ್ದೆ.”

ತರ್ಕದಲ್ಲಿ ಒಂದು ತೂತೂ ಇರಲಿಲ್ಲ. ಮಂದಾಕಿನಿ ಗೋಡೆಗೆ ಒರಗಿ ನಿಂತು, “ಯಾವತ್ತಿಂದ?” ಅಂದಳು.

“ಬಸ್ಸಿನೋರು ಬಂದೋದ ವಾರದಿಂದ. ಮಂಗಳವಾರ, ಶುಕ್ರವಾರ, ಭಾನುವಾರ. ಅಮಾಸೇಲಿ ಒಸಿ ಜಾಸ್ತಿ. ಕೆಂಪು ದೀಪ ಬಂದ್ಮೇಲೆ ಎರಡೆರಡು ಹಿಡಿ ಹಾಕ್ತಾ ಇವ್ನಿ.”

ಮಂಗಳವಾರ, ಶುಕ್ರವಾರ, ಭಾನುವಾರ. ತೆರೆಯ ಮೇಲಿನ ಗೆರೆ ಜಿಗಿಯುತ್ತಿದ್ದ ದಿನಗಳೇ. ಮಂದಾಕಿನಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಂದು ಮನೆಯ ಹಿಡಿಯುಪ್ಪಿಗೆ ಅಷ್ಟು ದೊಡ್ಡ ತೊಟ್ಟಿ ಜಗ್ಗುವುದಿಲ್ಲ.

“ನೀವೊಬ್ಬರೇನಾ ಅತ್ತೆ?”

“ಬೇರೇರ ಮನೇದು ನಾನ್ಯಾಕೆ ಹೇಳ್ಲಿ? ಲಿಫ್ಟಲ್ಲಿ ಸಿಕ್ಕೋರೆಲ್ಲ ಕಣ್ಣು ಬಿದ್ದದೆ ಅಂತಾವ್ರೆ. ಕೆಳಗಿನ ಅಂಗ್ಡೀಲಿ ಕಲ್ಲುಪ್ಪೇ ಸಿಕ್ತಾ ಇಲ್ಲ. ನೀನೇ ಅರ್ಥ ಮಾಡ್ಕೊ.”

ಮಂದಾಕಿನಿಗೆ ಇಡೀ ಸಂಗತಿ ಒಮ್ಮೆಲೇ ಕಂಡಿತು. ಬಂದವರು ಹೊಗಳಿದರು. ಇವರಿಗೆ ಭಯವಾಯಿತು. ಒಂದೊಂದು ಹಿಡಿ ಉಪ್ಪು ಒಳಗೆ ಹೋಯಿತು, ದೀಪ ಹಳದಿಯಾಯಿತು. ಹಳದಿ ನೋಡಿ ಭಯ ಹೆಚ್ಚಾಯಿತು, ಉಪ್ಪೂ ಹೆಚ್ಚಾಯಿತು, ದೀಪ ಕೆಂಪಾಯಿತು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಡೊಳ್ಳಪ್ಪ ಉಳಿಯಲಿ ಎಂದು ಎಲ್ಲರೂ ಹಾರೈಸಿ ಹಾರೈಸಿ ಅವನನ್ನು ಸಾಯಿಸುತ್ತಿದ್ದರು.

ಆದಷ್ಟು ಮೆತ್ತಗೆ ಹೇಳಿದಳು. ಎಷ್ಟು ಮೆತ್ತಗೆ ಹೇಳಿದರೂ ಆ ಮಾತು ಮೆತ್ತಗಾಗುವಂಥದ್ದಲ್ಲ. ಚೆಲುವಮ್ಮ ನಿಂತಲ್ಲೇ ಕುಸಿದು ಕೂತರು.

“ನಾನೇ ಕೊಂದ್ಬುಟ್ನಾ ಮಂದಾ?”

“ಇನ್ನೂ ಜೀವ ಇದೆ ಅತ್ತೆ. ಸತ್ತಿಲ್ಲ.” ಮಂದಾಕಿನಿ ಅವರ ಪಕ್ಕದಲ್ಲೇ ನೆಲದ ಮೇಲೆ ಕೂತು ಕೈ ಹಿಡಿದುಕೊಂಡಳು. ಅತ್ತೆಯ ಅಂಗೈ ಉಪ್ಪುಪ್ಪಾಗಿತ್ತು. ಅವಳಿಗೆ ಸಿಟ್ಟು ಬರಲಿಲ್ಲ, ಅಳು ಬಂತು.

ಮರುದಿನ ಸಂಜೆ ತಾರಸಿಯ ಹೀರೆ ಚಪ್ಪರದ ಕೆಳಗೆ ಸಭೆ ಸೇರಿತು. ಯಾರ ಹೆಸರನ್ನೂ ಹೇಳದೆ ಉಪ್ಪಿನ ವಿಷಯವನ್ನಷ್ಟೇ ವಿವರಿಸುವುದೆಂದು ಮಂದಾಕಿನಿ ನಿಶ್ಚಯಿಸಿದ್ದಳು. ಅವಳು ಎದ್ದು ನಿಲ್ಲುವ ಮೊದಲೇ ಶ್ರೀಕಂಠಯ್ಯನವರು ಮಾಂಸದ ಮಾತೆತ್ತಿದರು. ಹಿಂದಿನ ಸಾಲಿನಿಂದ ಯಾರೋ ಮೇಲೆದ್ದರು. ಜಬೀನಾ ಬೇಗಂ, ಕೂತ್ಕೊಳ್ಳಿ, ಎಲ್ರೂ ಕೂತ್ಕೊಳ್ಳಿ ಎಂದು ಶಾಲೆಯ ದನಿ ತೆಗೆದರು. ಆ ಗಲಾಟೆಯ ನಡುವೆ ಚೆಲುವಮ್ಮ ಎದ್ದು ನಿಂತರು.

“ಮಾಂಸ ಅಲ್ಲ, ಮಣ್ಣೂ ಅಲ್ಲ. ಅವನಿಗೆ ಉಪ್ಪಾಕಿ ಕೆಡಿಸ್ದೋಳು ನಾನು,” ಅಂದರು. ಸಭೆ ಗಪ್‌ಚಿಪ್ಪಾಯಿತು. “ದೃಷ್ಟಿ ತೆಗ್ದು ಅವನ ಬಾಯಿಗೇ ಹಾಕ್ದೆ. ನಮ್ ಮಂದಾ ಇಷ್ಟ್ ವರ್ಸ ಕಣ್ಣಲ್ ಕಣ್ಣಿಟ್ಟು ಸಾಕುದ್ಳು, ನಾನು ಹಾಳ್ ಮಾಡ್ದೆ. ಏನ್ ಅಂತೀರೋ ನಂಗನ್ನಿ. ಇನ್ನೊಬ್ರ ತಟ್ಟೆ ಸುದ್ದಿ ಎತ್ಬ್ಯಾಡಿ.”

ಆಮೇಲೆ ಜಬೀನಾ ಬೇಗಂ ಗಂಟಲು ಸರಿಮಾಡಿಕೊಂಡರು. “ಮೆಣಸಿನಕಾಯಿ ನಂದೂ ಇದೆ ಚೆಲುವಮ್ಮನೋರೆ. ಉಪ್ಪೂ ಇದೆ. ನಮ್ಮಲ್ಲೂ ನಜರ್ ತೆಗೀತೀವಲ್ಲ. ಬೆಂಕಿಗೆ ಹಾಕ್ಬೇಕು ಅಂತ ನಮ್ಮಮ್ಮ ಹೇಳ್ಕೊಟ್ಟಿದ್ರು.”

“ನಮ್ಮನೇದೂ ಇದೆ,” ಎಂದಿತು ಎಡಗಡೆಯಿಂದ ಒಂದು ದನಿ. “ನಮ್ಮದೂ,” ಎಂದಿತು ಇನ್ನೊಂದು. ಕೈಗಳು ಮೇಲೇಳತೊಡಗಿದವು, ಮುದ್ದೆ ತಿನ್ನುವ ಮನೆ, ಚಪಾತಿ ತಿನ್ನುವ ಮನೆ, ಮೀನಿನ ಮನೆ, ಬೆಳ್ಳುಳ್ಳಿಯನ್ನೂ ಮುಟ್ಟದ ಮನೆ. ಕೊನೆಗೆ ಎಲ್ಲರ ಕಣ್ಣೂ ಶ್ರೀಕಂಠಯ್ಯನವರ ಕಡೆ ತಿರುಗಿತು. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

“ನಿಂಬೆಹಣ್ಣು,” ಅಂದರು. “ಪ್ರತಿ ಅಮಾವಾಸ್ಯೆ. ಉಪ್ಪು ಬೆರೆಸಿ. ಸ್ವಲ್ಪ ಜಾಸ್ತೀನೇ ಹಾಕಿರಬಹುದು. ಕ್ಷಮಿಸಿ.”

ಮೊದಲು ನಕ್ಕವರು ಜಬೀನಾ. ಆಮೇಲೆ ಇಡೀ ತಾರಸಿ ನಕ್ಕಿತು, ಶ್ರೀಕಂಠಯ್ಯನವರೂ ಸೇರಿ. ಎಷ್ಟೋ ದಿನದಿಂದ ಕಟ್ಟಡದಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ.

“ಈಗ ಏನು ಮಾಡೋದು ಮೇಡಂ? ಹೊಸ ಸೂಕ್ಷ್ಮಜೀವಿ ತಂದು ಹಾಕೋಕಾಗಲ್ವಾ?” ಎಂದು ಶ್ರೀಕಂಠಯ್ಯ ಕೇಳಿದರು.

“ಹಾಕಬಹುದು. ಆದ್ರೆ ನಮ್ಮ ಊಟಕ್ಕೆ ಅವು ಒಗ್ಗೋಕೆ ಎಷ್ಟೋ ತಿಂಗಳು ಬೇಕು. ಸಮಿತಿ ಅಲ್ಲೀವರೆಗೆ ಕಾಯಲ್ಲ.”

“ನಂಗೆ ಬೀಪಿ ಬಂದಾಗ ಉಪ್ಪು ಬಿಡುಸ್ಲಿಲ್ವಾ ನೀನು?” ಅಂದರು ಚೆಲುವಮ್ಮ. ನಗುವಿನಲ್ಲಿ ಅವರಿಗೆ ಧೈರ್ಯ ಮರಳಿತ್ತು. “ಅವನ್ಗೂ ಪಥ್ಯ ಇಡ್ಸು. ಉಪ್ಪಿಲ್ಲದ ಗಂಜಿ, ಅಕ್ಕಿ ತೊಳ್ದ ನೀರು, ಸಿಪ್ಪೆ. ಅಷ್ಟೇ. ಎದ್ದು ಕೂತ್ಕತಾನೆ.”

ಮಂದಾಕಿನಿ, ತಾನೂ ಅದನ್ನೇ ಹೇಳುವುದಿತ್ತು, ಆದರೆ ಇಷ್ಟು ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ ಅಂದಳು.

ಡೊಳ್ಳಪ್ಪನಿಗೆ ಪಥ್ಯವೆಂದರೆ ಕಟ್ಟಡಕ್ಕೇ ಪಥ್ಯ. ತೊಟ್ಟಿಯ ಉಪ್ಪು ನೀರನ್ನು ಸ್ವಲ್ಪ ಸ್ವಲ್ಪವೇ ಟ್ಯಾಂಕರಿಗೆ ತುಂಬಿ ನಗರದ ಶುದ್ಧೀಕರಣ ಘಟಕಕ್ಕೆ ಕಳಿಸಿದರು. ಅಷ್ಟೇ ಮಳೆನೀರನ್ನು ಸಂಪಿನಿಂದ ತೊಟ್ಟಿಗೆ ಬಿಟ್ಟರು. ಸಂಪು ಬರಿದಾಗಬಾರದೆಂದು ಜನ ಷವರ್ ಬಿಟ್ಟು ಬಕೆಟ್ಟು ಹಿಡಿದರು. ಬಟ್ಟೆ ಒಗೆಯುವ ಯಂತ್ರ ತುಂಬುವ ತನಕ ಪಕ್ಕದ ಮನೆಯ ಬಟ್ಟೆಯನ್ನೂ ಸೇರಿಸಿಕೊಂಡರು. ತರಕಾರಿ ತೊಳೆದ ನೀರು ಬಾಲ್ಕನಿಯ ಕುಂಡಕ್ಕೆ ಹೋಯಿತು.

ಕಷ್ಟವಾದದ್ದು ಮಿಕ್ಕ ಅಡುಗೆ. ಉಪ್ಪು ಬಿದ್ದದ್ದು ಒಂದು ತುತ್ತೂ ಬಾಯಿಗೆ ಹೋಗಬಾರದಲ್ಲ! ಇಷ್ಟು ದಿನ ಡೊಳ್ಳಪ್ಪ ಇದ್ದಾನೆಂಬ ಧೈರ್ಯದಲ್ಲಿ ಎಲ್ಲರೂ ಕೈ ಬಿಚ್ಚಿ ಅಡುಗೆ ಮಾಡುತ್ತಿದ್ದರು. ಈಗ ಒಂದು ಪಾವು ಅಕ್ಕಿ ಹಾಕುವ ಮೊದಲು, ಮಧ್ಯಾಹ್ನಕ್ಕೆ ನಿಜವಾಗಿ ಎಷ್ಟು ಜನ ಉಣ್ಣುತ್ತೀರಿ ಎಂದು ಕೇಳುವುದು ಶುರುವಾಯಿತು. ರಾತ್ರಿಯ ಅನ್ನ ಬೆಳಿಗ್ಗೆ ಚಿತ್ರಾನ್ನವಾಯಿತು, ಮಿಕ್ಕ ಚಪಾತಿ ಒಗ್ಗರಣೆ ಕಂಡಿತು. ಹೆಚ್ಚಾದ ಸಾರು ಪಾತ್ರೆಯಲ್ಲಿ ಪಕ್ಕದ ಮನೆಯ ಬಾಗಿಲು ತಟ್ಟಿತು. ಮನೆ ಮನೆಗೆ ಅನಿಲ ಇಲ್ಲದ್ದರಿಂದ ತಾರಸಿಯಲ್ಲಿ ಬಿಸಿಲಿನ ಒಲೆಗಳನ್ನಿಟ್ಟು ಬೇಳೆ, ಅನ್ನ ಎಲ್ಲರಿಗೂ ಒಟ್ಟಿಗೇ ಬೇಯಿಸಿದರು. ಸೂರ್ಯನ ಕಡೆಗೆ ಕನ್ನಡಿ ತಿರುಗಿಸುವ ಉಸ್ತುವಾರಿ ಶ್ರೀಕಂಠಯ್ಯನವರದು. ಮೋಡ ಬಂದರೆ ತಮ್ಮ ಮರ್ಯಾದೆಯೇ ಹೋದಂತೆ ಅವರು ಆಕಾಶದ ಮೇಲೆ ರೇಗುತ್ತಿದ್ದರು.

“ಉಪ್ಪು ಬ್ಯಾಡ ಅಂದ್ಮೇಲೆ ಬ್ಯಾಡ. ಹಂಗಂತ ದೃಷ್ಟೀನೇ ತೆಗೀದೆ ಇರಕ್ಕಾದದಾ?” ಎಂದು ಚೆಲುವಮ್ಮ ಒಂದು ದಿನ ಪಟ್ಟು ಹಿಡಿದರು. ಕೊನೆಗೆ ಉಪ್ಪಿಲ್ಲದ ಅನ್ನದ ಮೂರು ಉಂಡೆಗಳಿಗೆ ಅತ್ತೆ ಸೊಸೆಯರ ನಡುವೆ ಒಪ್ಪಂದವಾಯಿತು. ಅದರಿಂದ ಡೊಳ್ಳಪ್ಪನಿಗೂ ಏನೂ ನಷ್ಟವಿರಲಿಲ್ಲ.

ಕೆಂಪು ದೀಪ ನಿಧಾನವಾಗಿ ಹಳದಿಗೆ ಬಂತು. ಆವತ್ತು ಮಹಡಿ ಮಹಡಿಯಲ್ಲೂ ಸಿಹಿ ಮಾಡಿದರು. ಹಳದಿಯಾಚೆ ಮಾತ್ರ ಅದು ದಾಟಲೊಲ್ಲದು. ಅಷ್ಟರಲ್ಲಿ ಸಮಿತಿ ಬರುವ ದಿನ ಬಂದೇಬಿಟ್ಟಿತು.

ಬೆಳಿಗ್ಗೆ ಜಬೀನಾ ನಿಯಂತ್ರಣ ಕೊಠಡಿಗೆ ಬಂದರು. ಗೋಡೆಯ ಮೇಲೊಂದು ಗುಂಡಿಯಿತ್ತು. ದೀಪಗಳು ಸರಿಯಾಗಿವೆಯೋ ಎಂದು ಪರೀಕ್ಷಿಸಲು ಹೊರಗಿನ ವಿದ್ಯುತ್ತು ಹಾಯಿಸುವ ಗುಂಡಿ. ಒತ್ತಿದರೆ ಎಲ್ಲ ಬಾಯಿಗಳ ದೀಪವೂ ಹಸಿರು.

“ಇದು ಸುಳ್ಳೇನಲ್ಲ ಮೇಡಂ,” ಅಂದರು ಜಬೀನಾ. “ಇನ್ನೆರಡು ವಾರದಲ್ಲಿ ಹಸಿರಾಗೇ ಆಗುತ್ತೆ. ಸ್ವಲ್ಪ ಮುಂಚೆ ತೋರಿಸಿದ್ರೆ ಯಾರಿಗೇನು ನಷ್ಟ?”

ಮಂದಾಕಿನಿ ಗುಂಡಿಯ ಮೇಲೆ ಬೆರಳಿಟ್ಟಳು. ಅವಳ ಇಡೀ ಆಯುಷ್ಯದ ದುಡಿಮೆ ಆ ಬೆರಳ ತುದಿಯಲ್ಲಿತ್ತು. ಒತ್ತಬೇಕೆಂದು ಆಸೆಯಾಯಿತು, ತುಂಬ ಆಸೆಯಾಯಿತು. ಆದರೆ ಇವನು ಎಂದೂ ಕಾಯಿಲೆ ಬೀಳುವುದಿಲ್ಲ ಎಂದು ನಂಬಿ ತೆಗೆದುಕೊಂಡವರು, ಮೊದಲ ಸಲ ಕೆಂಪು ದೀಪ ಕಂಡಾಗ ಏನು ಮಾಡಿಯಾರು? ತೊಟ್ಟಿ ಒಡೆದು ಹಾಕುತ್ತಾರೆ. ಅವಳು ಬೆರಳು ತೆಗೆದಳು. “ಬೇಡ ಜಬೀನಾ ಅವರೆ. ಹೇಗಿದಾನೋ ಹಾಗೇ ನೋಡಲಿ.”

ಸಮಿತಿಯ ಮುಖ್ಯಸ್ಥೆ ಕಾವೇರಮ್ಮ ಕೊಡಗಿನವರು, ಮಿತಭಾಷಿ. ತೊಟ್ಟಿಯನ್ನು ಸುತ್ತಿ ನೋಡಿದರು, ಮಂದಾಕಿನಿ ಹೇಳಿದ ಉಪ್ಪಿನ ಕಥೆಯನ್ನೆಲ್ಲ ಒಂದಕ್ಷರ ಬಿಡದೆ ಕೇಳಿದರು. ಪಕ್ಕದ ಕಟ್ಟಡಗಳಿಂದಲೂ ಹಲವರು ಬಂದು ಗಾಜಿನ ಗೋಡೆಯಾಚೆ ನಿಂತಿದ್ದರು. ಆಮೇಲೆ ಸಮಿತಿಯವರೆಲ್ಲ ಚೆಲುವಮ್ಮನ ಅಡುಗೆಮನೆಯಲ್ಲಿ ಒತ್ತೊತ್ತಾಗಿ ನಿಂತು ಕಾಫಿಗೆ ಕಾದರು. ಉರಿ ಸಣ್ಣಗಿತ್ತು, ಹಾಲು ಕಾಯಲು ಬಹಳ ಹೊತ್ತು ಹಿಡಿಯಿತು. ಕೊನೆಗೆ ಹಾಲು ಉಕ್ಕಿತು.

“ಕಾಫಿ ಚೆನ್ನಾಗಿದೆ,” ಅಂದರು ಕಾವೇರಮ್ಮ ಲೋಟ ಕೆಳಗಿಟ್ಟು. “ಡಾಕ್ಟ್ರೇ, ನೀವು ಮುಚ್ಚಿಡ್ಲಿಲ್ಲ, ಅದು ನನಗೆ ಇಷ್ಟವಾಯ್ತು. ನಿಮ್ಮ ತೊಟ್ಟಿ ಇರಲಿ, ಬದುಕಿದೆಯಲ್ಲ. ಆದ್ರೆ ದೀಪ ಹಸಿರಿಲ್ದೆ ಬೇರೆ ಕಟ್ಟಡಗಳಿಗೆ ಸರ್ಕಾರದ ಹಣ ಹಾಕಿ ಅಂತ ನಾನು ಹೇಳೋಕಾಗಲ್ಲ. ಮುಂದಿನ ವರ್ಷ ನೋಡೋಣ.”

ಮುಂದಿನ ವರ್ಷ ಎಂದರೆ ಏನೆಂದು ಇಂಥ ಕೆಲಸ ಮಾಡಿದವರಿಗೆಲ್ಲ ಗೊತ್ತು. ಅವರು ಹೋದ ಮೇಲೆ ಮಂದಾಕಿನಿ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ಡೊಳ್ಳಪ್ಪ ಉಳಿದುಕೊಂಡ, ಆದರೆ ಒಂಟಿಯಾಗಿ ಉಳಿದುಕೊಂಡ. ಚೆಲುವಮ್ಮ ಒಳಗೆ ಬರಲಿಲ್ಲ. ಬಾಗಿಲಾಚೆಯೇ ಗೋಡೆಗೊರಗಿ ಕೂತರು, ಸೊಸೆ ಎದ್ದು ಬರುವ ತನಕ ಅಲ್ಲಿಂದ ಕದಲಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ನೆಲಮಾಳಿಗೆಯಲ್ಲಿ ಗಂಜಿ ಸುರಿಯುತ್ತಿದ್ದಾಗ ಇಳಿಜಾರಿನಲ್ಲಿ ಚಪ್ಪಲಿಗಳ ಸದ್ದಾಯಿತು. ಐದಾರು ಹೆಂಗಸರು, ಅವರ ಹಿಂದೆ ಇಬ್ಬರು ಗಂಡಸರು. ಮುಂದಿದ್ದವಳ ಸೊಂಟದ ಮೇಲೆ ತೊಳೆದು ಹೊಳೆಯುವ ಸ್ಟೀಲಿನ ಬಿಂದಿಗೆ. ಚೆಲುವಮ್ಮನ ಮುಖ ಬಿಗಿಯಿತು. ಮುಂಜಾವಿನ ಪ್ರಮೀಳಾ.

“ಮೇಡಂ, ಸರ್ಕಾರ ಯಾವಾಗ ಕೊಡುತ್ತೋ ಕೊಡಲಿ,” ಅಂದಳು ಪ್ರಮೀಳಾ. “ನಾವು ನಮ್ಮ ಹಳೇ ನೀರಿನ ಟ್ಯಾಂಕನ್ನ ತೊಳೆದು ಇಟ್ಕೊಂಡಿದೀವಿ. ಅದರಲ್ಲೇ ಶುರು ಮಾಡ್ತೀವಿ. ಸ್ವಲ್ಪ ಹೆಪ್ಪು ಕೊಡ್ತೀರಾ?”

“ಹೆಪ್ಪಾ?” ಅಂದಳು ಮಂದಾಕಿನಿ.

“ಹೂಂ, ಇವನದ್ದು. ಮೊಸರಿಗೆ ಪಕ್ಕದ ಮನೇಲಿ ಕೇಳಲ್ವಾ, ಹಾಗೆ. ನಾವೂ ಇಲ್ಲಿಯವರೇ, ಉಣ್ಣೋದು ಇದೇ ಅನ್ನ ಸಾರು. ನಮ್ಮನೆಗಳಿಗೂ ಒಗ್ಗಲ್ವಾ?”

ಒಗ್ಗದೆ ಏನು! ಇಷ್ಟು ವರ್ಷ ಮಂದಾಕಿನಿಯ ತಲೆಯಲ್ಲಿ ಸೂಕ್ಷ್ಮಜೀವಿಗಳು ಪ್ರಯೋಗಾಲಯದ ಮೊಹರು ಹಾಕಿದ ಸೀಸೆಗಳಲ್ಲೇ ಪ್ರಯಾಣ ಮಾಡುತ್ತಿದ್ದವು. ಬಿಂದಿಗೆಯಲ್ಲಿ ಹೋಗಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

“ಇವನಿಗೆ ಇನ್ನೂ ಹುಷಾರಿಲ್ಲ. ನೀವೇ ನೋಡಿದ್ರಲ್ಲ ಆವತ್ತು,” ಅಂದಳು.

“ನೋಡಿದ್ವಿ, ಅದಕ್ಕೇ ಧೈರ್ಯ ಬಂತು. ಕೆಟ್ಟರೆ ಹೇಗೆ ಎಬ್ಬಿಸಿ ಕೂರಿಸ್ಬೇಕು ಅಂತ ನಿಮಗೆ ಗೊತ್ತಿದೆ, ನಮಗೂ ಹೇಳ್ಕೊಡ್ತೀರಿ. ಯಾವತ್ತೂ ಕೆಡಲ್ಲ ಅಂದಿದ್ರೆ ನಾವು ಬರ್ತಾನೇ ಇರ್ಲಿಲ್ಲ.”

ಮಂದಾಕಿನಿ ಕೈಯಲ್ಲಿದ್ದ ಗಂಜಿ ಪಾತ್ರೆ ಕೆಳಗಿಟ್ಟಳು. ಅತ್ತೆಯ ಕಡೆ ನೋಡಿದಳು. ಚೆಲುವಮ್ಮ ಪ್ರಮೀಳಾಳ ಎದುರಿಗೆ ಹೋಗಿ ನಿಂತಿದ್ದರು.

“ಒಂದ್ ಮಾತ್ ಹೇಳ್ಬುಡ್ತೀನಿ ಕಣವ್ವ, ಹೊಟ್ಟೇಲಿಟ್ಕಂಡಿರಕ್ಕಾಗಲ್ಲ. ಇವನ್ ಮೇಲೆ ನಿನ್ ಕಣ್ಣೇ ಬಿದ್ದಿದ್ದು ಅಂತ ನಾನು ಅಂದ್ಕಂಡಿದ್ದೆ.”

ಪ್ರಮೀಳಾ ನಕ್ಕುಬಿಟ್ಟಳು. “ಬಿದ್ದಿತ್ತು ಕಣಜ್ಜಿ, ಚೆನ್ನಾಗೇ ಬಿದ್ದಿತ್ತು. ಅದಕ್ಕೇ ತಾನೆ ಬಿಂದಿಗೆ ಹಿಡ್ಕೊಂಡು ಬಂದಿರೋದು?”

ಚೆಲುವಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಅವಳ ಸೊಂಟದಿಂದ ಬಿಂದಿಗೆ ತೆಗೆದುಕೊಂಡು, ತಾವೇ ಬಗ್ಗಿ ತೊಟ್ಟಿಯ ನಲ್ಲಿಯ ಕೆಳಗೆ ಹಿಡಿದರು.

“ಬುಡು ಮಂದಾ,” ಅಂದರು. “ಬಾಯ್ ಗಂಟ ತುಂಬ್ಲಿ.”